ಚಮಚದ ಡ್ರಾಯರಿನ ಶಾಲೆ

ಅಡುಗೆಮನೆಯ ಡ್ರಾಯರುಗಳಿಗೆ ಕಾಗದ ಹಾಸುವುದು ನನ್ನ ಹಳೆಯ ರೋಗ. ಊರಿನಲ್ಲಿದ್ದಾಗ ಅದಕ್ಕೆ ಹಳೆಯ ಪೇಪರು ಸಾಕಾಗುತ್ತಿತ್ತು. ಮಸ್ಕತ್ತಿಗೆ ಬಂದ ಮೇಲೆ ಮನೆಗೆ ಪೇಪರೇ ಬರುವುದಿಲ್ಲ. ಸುದ್ದಿಯೆಲ್ಲ ಮೊಬೈಲಿನಲ್ಲಿ, ಮೊಬೈಲನ್ನು ಡ್ರಾಯರಿಗೆ ಹಾಸಲಾಗುವುದಿಲ್ಲ. ಹಾಗಾಗಿ ಕೈಗೆ ಸಿಕ್ಕಿದ್ದನ್ನು ಹಾಸುತ್ತೇನೆ. ನಮ್ಮ ಮನೆಯ ಸೌಟುಗಳು ಸೂಪರ್ ಮಾರ್ಕೆಟ್ಟಿನ ರಂಜಾನ್ ಆಫರಿನ ಖರ್ಜೂರದ ಮೇಲೆ ಮಲಗುತ್ತವೆ, ಚಾಕುಗಳು ಕಳೆದ ವರ್ಷದ ಕ್ಯಾಲೆಂಡರಿನ ಆಗಸ್ಟ್ ತಿಂಗಳ ಮೇಲೆ. ಚಮಚಗಳು ಮಾತ್ರ ಅಮೆರಿಕದ ಒಂದು ಹೈಸ್ಕೂಲಿನ ಮೇಲೆ ಮಲಗುತ್ತವೆ.

ನಗಬೇಡಿ. ನಾನು ಅಮೆರಿಕ ಕಂಡವಳಲ್ಲ. ಆ ಶಾಲೆಗೂ ನನಗೂ ಇರುವ ಸಂಬಂಧ ಎರಡು ಹಾಳೆಗಳದ್ದು. ಅಲ್ಲಿಯ ಸರಕಾರಿ ಹೈಸ್ಕೂಲುಗಳು ತಮ್ಮ ಪರಿಚಯವನ್ನು ಹೀಗೆ ಒಂದೆರಡು ಹಾಳೆಯಲ್ಲಿ ಬರೆದು ಇಡುತ್ತವಂತೆ, ನಮ್ಮಲ್ಲಿ ಹೆಣ್ಣು ನೋಡಲು ಬರುವವರಿಗೆ ಮೊದಲೇ ವಿವರ ಕಳಿಸುವ ಹಾಗೆ. ಅದಕ್ಕೆ ಪ್ರೊಫೈಲ್ ಎಂದು ಹೆಸರು. ಮೊದಲ ಹಾಳೆಯ ತಲೆಯಲ್ಲಿ ಶಾಲೆಯ ಚಿತ್ರ: ಕೆಂಪು ಇಟ್ಟಿಗೆಯ ಉದ್ದನೆಯ ಕಟ್ಟಡ, ಮುಂದೆ ಬಾವುಟದ ಕಂಬ, ಸಾಲಾಗಿ ನಿಂತ ಹಳದಿ ಬಸ್ಸುಗಳು. ಹುಲ್ಲು ಎಷ್ಟು ಹಸಿರೆಂದರೆ, ಪ್ರಿಂಟ್ ತೆಗೆದುಕೊಟ್ಟ ಟೈಪಿಂಗ್ ಅಂಗಡಿಯವನು ಶಾಯಿಯೆಲ್ಲ ಇದಕ್ಕೇ ಹೋಯಿತು ಎಂದು ಗೊಣಗಿದ. ಚಿತ್ರದಲ್ಲಿ ಒಂದು ಮಗುವೂ ಇಲ್ಲ. ರಜೆಯ ದಿನ ತೆಗೆದಿರಬೇಕು. ಅದಕ್ಕೇ ಇರಬಹುದು, ಅದನ್ನು ನೋಡಿದಾಗಲೆಲ್ಲ ನನಗೆ ಮಧ್ಯಾಹ್ನದ ನಮ್ಮ ಮನೆಯ ನೆನಪಾಗುತ್ತಿತ್ತು.

ದಿನಕ್ಕೆ ಇಪ್ಪತ್ತು ಸಲ ಚಮಚ ತೆಗೆಯುವವಳಿಗೆ ಯಾವ ಕಾಗದವಾದರೂ ಬಾಯಿಪಾಠವಾಗುತ್ತದೆ. ಆ ಶಾಲೆಯ ಮೊದಲ ಗಂಟೆ ಬೆಳಗ್ಗೆ ಏಳೂವರೆಗೆ. ಊಟಕ್ಕೆ ಅರ್ಧ ತಾಸು, ಯೂನಿಫಾರಂ ಇಲ್ಲ, ಲೈಬ್ರರಿ ಶಾಲೆ ಬಿಟ್ಟ ಮೇಲೂ ತೆರೆದಿರುತ್ತದೆ. ನಾನು ಹತ್ತು ವರ್ಷ ಕಲಿತ ಪುತ್ತೂರಿನ ಕಾನ್ವೆಂಟಿನ ಮೊದಲ ಗಂಟೆ ಎಷ್ಟಕ್ಕೆ ಎಂದು ಕೇಳಿದರೆ ಈಗ ತಡವರಿಸುತ್ತೇನೆ. ಇದು ಮಾತ್ರ ತಪ್ಪುವುದಿಲ್ಲ.

ಎದುರು ಮನೆಯ ಜೋಹರಾ ಇಲ್ಲದಿದ್ದರೆ ಈ ಕಾಗದ ನನ್ನ ಮನೆಗೆ ಬರುತ್ತಲೇ ಇರಲಿಲ್ಲ. ಅಲ್ ಗುಬ್ರಾದ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಎರಡೇ ಬಾಗಿಲು, ಮುಖಾಮುಖಿ. ಒಂದು ನಮ್ಮದು, ಇನ್ನೊಂದು ಅವರದು. ಜೋಹರಾ ವಿಟ್ಲದ ಕಡೆಯವಳು. ಅವಳ ಗಂಡ ಹಮೀದರಿಗೆ ಅಲ್ ಖೌದ್‌ನಲ್ಲಿ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ. ನಾವಿಬ್ಬರೂ ಹಗಲಿಡೀ ಬಾಗಿಲು ಹಾಕುತ್ತಿರಲಿಲ್ಲ. ಗಾಳಿಗೆ ಬಡಿಯಬಾರದೆಂದು ಅವಳು ತನ್ನ ಬಾಗಿಲಿಗೆ ರಬ್ಬರ್ ಚಪ್ಪಲಿ ಸಿಕ್ಕಿಸುತ್ತಿದ್ದಳು, ನಾನು ನನ್ನದಕ್ಕೆ ಐದು ಕಿಲೋ ಅಕ್ಕಿಯ ಚೀಲ ಆನಿಸುತ್ತಿದ್ದೆ. ಎಸಿಯ ತಂಪೆಲ್ಲ ಮೆಟ್ಟಿಲಿಗೆ ಹೋಗುತ್ತದೆ ಎಂದು ಇವರು, ಅಂದರೆ ನನ್ನ ಯಜಮಾನರು, ಗೊಣಗುತ್ತಿದ್ದರು. ಹೋಗಲಿ ಬಿಡಿ, ಮೆಟ್ಟಿಲಿಗೂ ಸೆಕೆಯಾಗುತ್ತದಲ್ಲ ಎನ್ನುತ್ತಿದ್ದೆ.

ನಮಗೆ ಮಕ್ಕಳಿಲ್ಲ. ಇದನ್ನು ಹೇಳಿದ ಕೂಡಲೇ ಎದುರಿನವರು ದನಿ ತಗ್ಗಿಸುತ್ತಾರೆ, ಆದ್ದರಿಂದ ಬೇಗ ಹೇಳಿ ಮುಂದೆ ಹೋಗುತ್ತೇನೆ. ಜೋಹರಾಳಿಗೆ ಒಬ್ಬಳೇ ಮಗಳು, ಶಿಫಾ. ನಾವು ಈ ಮನೆಗೆ ಬಂದಾಗ ಅವಳಿಗೆ ನಾಲ್ಕು ವರ್ಷ. ಜೋಹರಾಳ ಮನೆಮಾತು ಬ್ಯಾರಿ, ನನ್ನದು ತುಳು. ಇಬ್ಬರಿಗೂ ತುಳು ಬರುತ್ತದೆ, ಆದರೆ ಮಗುವಿನ ಕಿವಿಗೆ ಕನ್ನಡ ಬೀಳಲಿ ಎಂದು ನಾವು ಕನ್ನಡದಲ್ಲೇ ಮಾತಾಡುವುದೆಂದು ಒಪ್ಪಂದ ಮಾಡಿಕೊಂಡೆವು. ನಾವು ಒಪ್ಪಂದ ಪಾಲಿಸಿದೆವು. ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತು.

ಕೊನೆಗೆ ನಾನೇ ಅವಳಿಗೆ ಬರೆಯಲು ಕಲಿಸಿದೆ. ಇಂಡಿಯನ್ ಸ್ಕೂಲಿನ ಬಸ್ಸು ಎರಡಕ್ಕೆ ಬರುತ್ತಿತ್ತು. ಮನೆಯಲ್ಲಿ ಊಟ ಮಾಡಿ, ಮೂರೂವರೆಗೆ ಸರಿಯಾಗಿ ಕಾಪಿ ಪುಸ್ತಕ ಹಿಡಿದು ಅಕ್ಕಿ ಚೀಲ ದಾಟಿ ಒಳಗೆ ಬರುತ್ತಿದ್ದಳು. ಒತ್ತಕ್ಷರಗಳನ್ನು ಅವಳು ಮರಿಗಳು ಎನ್ನುತ್ತಿದ್ದಳು, ತಾಯಿಯ ಕಾಲ ಬುಡದಲ್ಲಿ ಮಲಗಿವೆಯಂತೆ. "ಆಂಟಿ, ದಿಸ್ ವನ್ ಹ್ಯಾಸ್ ನೋ ಬೇಬಿ?" ಎಂದು ಕೇಳಿ, ಮರುಕ್ಷಣ ನಾಲಿಗೆ ಕಚ್ಚಿಕೊಂಡು ನನ್ನ ಮುಖ ನೋಡಿದ್ದಳು ಒಮ್ಮೆ. ಏಳು ವರ್ಷದ ಮಗುವಿಗೆ ಯಾರು ಏನು ಹೇಳಿದ್ದರೋ. ನಾನು "ಇಲ್ಲ ಪುಟ್ಟಿ, ಇದು ಒಂಟಿ ಅಕ್ಷರ" ಎಂದು ಮುಂದಿನ ಸಾಲು ಬರೆಸಿದೆ.

ಪುಟ ಮುಗಿದರೆ ಕೆಳಗೆ ‘ನೋಡಿದ್ದೇನೆ’ ಎಂದು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಇದು ನನ್ನದಲ್ಲ, ಕಾನ್ವೆಂಟಿನ ಸಿಸ್ಟರ್ ಬೆನಿಟಾರಿಂದ ಕದ್ದದ್ದು. ಅವರು ‘ಸೀನ್’ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಏಳನೆಯ ಕ್ಲಾಸಿನಲ್ಲಿ ‘ನನ್ನ ಮನೆಯ ತೋಟ’ ಎಂದು ಪ್ರಬಂಧ ಬರೆಯಲು ಹೇಳಿದ್ದರು. ನಮ್ಮ ಮನೆಯ ಮುಂದೆ ಇದ್ದದ್ದು ಒಂದು ನುಗ್ಗೆಮರ, ಅದರ ಬುಡದಲ್ಲಿ ಬಟ್ಟೆ ಒಗೆಯುವ ಕಲ್ಲು. ನಾನು ಗುಲಾಬಿ ಸಾಲು, ಕಾರಂಜಿ, ಬಿಳಿ ಬಣ್ಣದ ಉಯ್ಯಾಲೆ ಎಲ್ಲ ಬರೆದೆ. ಸಿಸ್ಟರ್ ದಿನಾ ಸಂಜೆ ನಮ್ಮ ಮನೆಯ ಮುಂದೆಯೇ ನಡೆದುಹೋಗುತ್ತಿದ್ದರು ಎಂಬುದು ಕಾರಂಜಿ ಬರೆಯುವಾಗ ನೆನಪಿಗೆ ಬರಲಿಲ್ಲ. ಪುಸ್ತಕ ವಾಪಸು ಬಂತು. ಒಂದು ಗೆರೆಯೂ ಇಲ್ಲ, ಬೈಗುಳವೂ ಇಲ್ಲ. ಕೆಳಗೆ ‘ಸೀನ್’, ಅಷ್ಟೇ. ಇಂಗ್ಲಿಷ್ ಬಾರದ ಅಪ್ಪ ನನ್ನಿಂದಲೇ ಅರ್ಥ ಕೇಳಿ, ಅದನ್ನು ಹಿಡಿದುಕೊಂಡು, "ಸಿಸ್ಟರ್ ನೋಡಿದ್ದಾರೆ, ಸಿಸ್ಟರೇ ನೋಡಿದ್ದಾರೆ" ಎಂದು ಮನೆಗೆ ಬಂದವರಿಗೆಲ್ಲ ತೋರಿಸಿದರು. ನಾನು ನುಗ್ಗೆಮರದ ಹಿಂದೆ ನಿಂತಿದ್ದೆ. ಬೈದಿದ್ದರೆ ಆ ವಾರದಲ್ಲೇ ಮರೆಯುತ್ತಿದ್ದೆ.

ಶಿಫಾಳಿಗೆ ಕಾಪಿ ಪುಸ್ತಕಕ್ಕಿಂತ ಸ್ಕ್ರೂ ಡ್ರೈವರ್ ಇಷ್ಟ. ಸಣ್ಣವಳಿದ್ದಾಗಿನಿಂದ ಶುಕ್ರವಾರ ಅಪ್ಪನ ಜೊತೆ ಅಂಗಡಿಗೆ ಹೋಗಿ ಕೂರುವಳು. ಬೇರಿಂಗ್, ಬುಷ್, ಬೆಲ್ಟ್, ಎಲ್ಲದರ ಹೆಸರು ಗೊತ್ತು. ನಮ್ಮ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಕಾಲಿಂಗ್ ಬೆಲ್ಲು, ಯಾವುದು ಕೆಟ್ಟರೂ ಬಿಚ್ಚಿ ಹರವಿ ಕೂತುಬಿಡುತ್ತಿದ್ದಳು. ಹತ್ತನೆಯ ಕ್ಲಾಸಿನ ರಿಸಲ್ಟು ಬಂದಾಗ ಮಾತ್ರ ಮೂರು ದಿನ ಏನನ್ನೂ ಬಿಚ್ಚಲಿಲ್ಲ. ಮಾರ್ಕು ಹೇಳಿಕೊಳ್ಳುವಂತಿರಲಿಲ್ಲ. ಕಟ್ಟಡದ ಬೇರೆ ಮಕ್ಕಳ ಮಾರ್ಕುಗಳು ಲಿಫ್ಟಿನಲ್ಲಿ ಓಡಾಡುತ್ತಿದ್ದವು, ಇವಳು ಮೆಟ್ಟಿಲು ಇಳಿದಳು.

ಅದೇ ವಾರ ಹಮೀದರ ಅಣ್ಣನ ಫೋನು ಬಂತು. ಅವರು ಅಮೆರಿಕದಲ್ಲಿ ನೆಲೆಸಿ ಬಹಳ ವರ್ಷವಾಗಿದೆ. ತಮ್ಮನ ಸಂಸಾರವನ್ನು ಕರೆಸಿಕೊಳ್ಳಲು, ಶಿಫಾ ಹುಟ್ಟಿದ ವರ್ಷ ಅರ್ಜಿ ಹಾಕಿದ್ದರು. ಎಲ್ಲರೂ ಮರೆತೇಬಿಟ್ಟಿದ್ದರು. ಅದು ಈಗ ಮಂಜೂರಾಗಿ ಎದ್ದು ಬಂದಿತ್ತು. ಹೋಗುವುದಾದರೆ ಶಿಫಾ ಅಲ್ಲಿ, ದೊಡ್ಡಪ್ಪನ ಮನೆಯ ಹತ್ತಿರದ ಹೈಸ್ಕೂಲಿಗೆ. ಇಲ್ಲದಿದ್ದರೆ ಹಮೀದರು ಮಾತ್ರ, ಅಂಗಡಿ ಇಟ್ಟುಕೊಂಡೇ, ಅಲ್ಲಿಗೆ ಹೋಗಿ ಬಂದು ಮಾಡುವುದು. ತಾಯಿ ಮಗಳು ಹನ್ನೆರಡನೆಯ ಕ್ಲಾಸು ಮುಗಿಯುವವರೆಗೆ ಇಲ್ಲೇ. ಎರಡು ವರ್ಷ. ನಾನು ಆ ಎರಡು ವರ್ಷವನ್ನು ಮನಸ್ಸಿನಲ್ಲೇ ಎಷ್ಟು ಸಲ ಎತ್ತಿ ನೋಡಿದೆನೋ, ಅಂಗಡಿಯಲ್ಲಿ ಸೀರೆ ಎತ್ತಿ ನೋಡುವ ಹಾಗೆ.

ದೊಡ್ಡಪ್ಪ ಶಾಲೆಯ ಪ್ರೊಫೈಲ್ ಕಳಿಸಿದರು. ಜೋಹರಾ ಮೊಬೈಲು ಹಿಡಿದು ನನ್ನ ಮನೆಗೇ ಬಂದಳು. ಮೊಬೈಲಿನಲ್ಲಿ ಅಕ್ಷರ ಸಾಸಿವೆಯಷ್ಟು. ನಾನು ಕೆಳಗಿನ ಟೈಪಿಂಗ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದೆ.

"ಅಕ್ಕ, ನೀವೇ ಓದಿ ಹೇಳ್ಬೇಕು" ಎಂದಳು ಜೋಹರಾ. "ಇವಳತ್ರ ಓದ್ಸಿದ್ರೆ ಇವಳಿಗೆ ಬೇಕಾದ್ದು ಮಾತ್ರ ಓದ್ತಾಳೆ. ಇವಳ ಅಪ್ಪನತ್ರ ಓದ್ಸಿದ್ರೆ ಎಲ್ಲವೂ ಫಸ್ಟ್ ಕ್ಲಾಸ್. ನೀವಾದ್ರೆ ಕಾನ್ವೆಂಟಲ್ಲಿ ಕಲ್ತವರು. ಇದ್ದದ್ದು ಇದ್ದ ಹಾಗೆ ಹೇಳ್ತೀರಿ."

ಶಿಫಾ ಬಾಗಿಲ ಬಳಿ ನೆಲದ ಮೇಲೆ ಕೂತು ನಮ್ಮ ಮಿಕ್ಸಿ ಬಿಚ್ಚಿದ್ದಳು. ತಲೆ ಎತ್ತಲಿಲ್ಲ.

"ಪಬ್ಲಿಕ್ ಹೈಸ್ಕೂಲ್. ಅಂದರೆ ಸರಕಾರಿ ಶಾಲೆ" ಎಂದು ಶುರುಮಾಡಿದೆ.

"ಸರಕಾರಿಯಾ! ನಾನು ಕಲ್ತದ್ದೂ ಸರಕಾರಿ ಶಾಲೆಯೇ. ಅದಕ್ಕೆ ಅಷ್ಟು ದೂರ ಹೋಗ್ಬೇಕಾ ಮಾರಾಯ್ರೆ? ಊರು ಎಂಥದ್ದು?"

"ದೊಡ್ಡ ಪೇಟೆಯ ಹೊರಗೆ. ಮನೆಗಳು, ಅಂಗಡಿಗಳು, ಎಲ್ಲಿಗೆ ಹೋಗ್ಲಿಕ್ಕೂ ಕಾರು ಬೇಕು."

"ಅಲ್ ಗುಬ್ರಾವೇ ಅಲ್ವಾ ಹಾಗಾದ್ರೆ?"

"ಹೂಂ. ಹುಲ್ಲು ಸ್ವಲ್ಪ ಜಾಸ್ತಿ."

ಮಕ್ಕಳ ಮನೆಮಾತುಗಳ ಪಟ್ಟಿ ಬಂತು. ಸ್ಪ್ಯಾನಿಷ್, ಅರಬಿ, ತೆಲುಗು. "ಬ್ಯಾರಿ ಉಂಟಾ?" ಎಂದಳು. ಕೊನೆಯಲ್ಲಿ ‘ಇತರ’ ಎಂದು ಉಂಟು ಎಂದೆ. "ಹಾಂ, ಅದೇ ನಾವು" ಎಂದು ಕಾಲು ಚಾಚಿ ಕೂತಳು.

"ಈ ಶಾಲೆ ಮಕ್ಕಳಿಗೆ ರ‍್ಯಾಂಕ್ ಕೊಡುವುದಿಲ್ಲ."

"ಎಂಥ? ರ‍್ಯಾಂಕ್ ಇಲ್ವಾ? ಮತ್ತೆ ಮಕ್ಕಳಿಗೆ ಬೈಯುದು ಹೇಗೆ?"

ಮಿಕ್ಸಿಯ ಕಡೆಯಿಂದ ಸಣ್ಣ ನಗು ಕೇಳಿಸಿತು. ಮೂರು ದಿನದ ಮೇಲೆ ಕೇಳಿಸಿದ ನಗು. ಆಮೇಲೆ ಜೋಹರಾ ಮುಂದೆ ಬಾಗಿ, ದನಿ ಇಳಿಸಿ ಕೇಳಿದಳು: "ಅಕ್ಕ, ನಂಗೆ ಒಂದೇ ಗೊತ್ತಾಗ್ಬೇಕು. ಇವಳ ಮನಸ್ಸಿಗೆ ಹಿಡಿಯುವಂಥದ್ದು ಅಲ್ಲಿ ಏನಾದ್ರೂ ಉಂಟಾ? ಇದ್ರೆ ಹೋಗುವ. ಇಲ್ಲಾದ್ರೆ ಹೊಸ ಊರಲ್ಲಿ ಹುಡುಗಿಯನ್ನು ಯಾಕೆ ಗೋಳಾಡಿಸುದು? ಎರಡು ವರ್ಷ ಇಲ್ಲೇ ಇರುವ, ನೀವಿದ್ದೀರಿ."

ಎರಡನೆಯ ಹಾಳೆಯಲ್ಲಿ ವಿಷಯಗಳ ಪಟ್ಟಿ. ಗಣಿತ, ವಿಜ್ಞಾನ, ಚರಿತ್ರೆ. ನಂತರ ಮಕ್ಕಳು ತಾವೇ ಆರಿಸಿಕೊಳ್ಳುವಂಥವು: ಚಿತ್ರ, ಮಣ್ಣಿನ ಕೆಲಸ, ನಾಟಕ, ಬ್ಯಾಂಡು. ಅದರ ಕೆಳಗೆ ಒಂದು ಸಾಲು. ಗಾಡಿಗಳ ತಾಂತ್ರಿಕ ವಿದ್ಯೆ, ಎರಡು ವರ್ಷದ ಪಾಠ, ಶಾಲೆಯೊಳಗೇ ಪೂರ್ತಿ ಗ್ಯಾರೇಜು. ನನ್ನ ಕಣ್ಣು ಅದನ್ನು ಓದಿತು. ಬಾಯಿ ಅದರ ಕೆಳಗಿನ ಸಾಲಿಗೆ ಇಳಿಯಿತು: ಬಡಗಿ ಕೆಲಸ, ಅಡುಗೆ.

"ಎಲ್ಲ ಶಾಲೆಯಲ್ಲಿ ಇರುವಂಥದ್ದೇ" ಎಂದೆ.

ಅಷ್ಟೇ ಆದದ್ದು. ಕೂಗಾಟವಿಲ್ಲ, ಏನಿಲ್ಲ. ನೆಲದ ಮೇಲೆ ಸ್ಕ್ರೂ ಡ್ರೈವರಿನ ಸದ್ದು ನಿಂತಿತು. ನಾನು ನೋಡಿದೆ, ಶಿಫಾ ನನ್ನನ್ನೇ ನೋಡುತ್ತಿದ್ದಳು. ದೊಡ್ಡಪ್ಪ ಆ ಕಾಗದವನ್ನು ಅವಳ ಮೊಬೈಲಿಗೂ ಕಳಿಸಿರುತ್ತಾರೆ ಎಂದು ನನಗೆ ಆಗ ಹೊಳೆಯಿತು, ಕಾರಂಜಿ ಬರೆದ ಮೇಲೆ ಸಿಸ್ಟರ್ ನಡೆದುಹೋಗುವ ದಾರಿ ನೆನಪಾದ ಹಾಗೆ. ಅವಳು ಬಾಯಿ ಬಿಡಲಿಲ್ಲ. ಅವಳು ಹೇಳಿದರೆ ಹಟ, ನಾನು ಹೇಳಿದರೆ ಮಾತು. ಅದು ಅವಳಿಗೂ ಗೊತ್ತಿತ್ತು. ಮತ್ತೆ ಬಗ್ಗಿ ಸ್ಕ್ರೂ ತಿರುಗಿಸಿದಳು. ಮಿಕ್ಸಿ ಸರಿಯಾಯಿತು. ಜೋಹರಾ, "ಹಾಗಾದ್ರೆ ಇಲ್ಲೇ ಇರುದು ಒಳ್ಳೆಯದು, ಅಲ್ವಾ?" ಎನ್ನುತ್ತಾ ಎದ್ದಳು. ಕಾಗದ ನನ್ನ ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಅಡಿಯಲ್ಲಿ ಉಳಿಯಿತು.

ಸಂಜೆ ಇವರು ಬಂದರು. ರುಸೈಲ್‌ನ ಒಂದು ಪೇಂಟ್ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡುವ ಕೆಲಸ ಇವರದು. ಚಹಾ ಕೊಟ್ಟು ಎಲ್ಲ ಹೇಳಿದೆ.

"ಬಿಟ್ಟದ್ದು ಎಷ್ಟು ಸಾಲು?"

"ಒಂದೇ."

"ನಮ್ಮಲ್ಲಿ ಒಂದು ಡಬ್ಬ ಹಾಳಿದ್ದರೆ ಇಡೀ ಬ್ಯಾಚು ವಾಪಸು" ಎಂದರು. ಬಿಸ್ಕತ್ತು ಅದ್ದಿದರು, ಅದು ಮುರಿದು ಚಹಾದೊಳಗೆ ಬಿತ್ತು. ಚಮಚದಲ್ಲಿ ಅದನ್ನು ಹುಡುಕುತ್ತಾ, "ಅವಳು ಹೋದರೆ ನಮ್ಮ ಮಿಕ್ಸಿ ಯಾರು ನೋಡುವುದು?" ಎಂದರು. ಅವಳು ಹೋಗುವ ಸಂಕಟ ನನಗೆ ಮಾತ್ರ ಎಂದು ತಿಳಿದುಕೊಂಡಿದ್ದೆ.

ಮರುದಿನ ಮೂರೂವರೆಗೆ ಶಿಫಾ ಎಂದಿನಂತೆ ಬಂದಳು. ಮೇಜಿನ ಬಳಿ ಕೂತು ಕನ್ನಡ ಬರೆದಳು. ನಾನು ಒಳಗೆ ದೋಸೆಗೆ ರುಬ್ಬುತ್ತಿದ್ದೆ, ರುಬ್ಬುವ ಅಗತ್ಯಕ್ಕಿಂತ ಹೆಚ್ಚು ಹೊತ್ತು. ಅವಳು ಹೋದ ಮೇಲೆ ಕೈ ತೊಳೆದು ಎದುರು ಮನೆಗೆ ನಡೆದೆ. ಕಾಗದ ಒಯ್ಯಲಿಲ್ಲ. ಆ ಸಾಲು ಅಷ್ಟರಲ್ಲಿ ಬಾಯಿಪಾಠವಾಗಿತ್ತು.

ಜೋಹರಾ ಅಡುಗೆಮನೆಯಲ್ಲಿ ಬೂತಾಯಿ ಮೀನು ಶುಚಿ ಮಾಡುತ್ತಿದ್ದಳು. ನಿಂತುಕೊಂಡೇ ಹೇಳಿದೆ, ಕ್ಲಾಸಿನಲ್ಲಿ ಪದ್ಯ ಒಪ್ಪಿಸುವಂತೆ. ಗ್ಯಾರೇಜು, ಎರಡು ವರ್ಷ, ಶಾಲೆಯೊಳಗೇ.

ಅವಳ ಕೈ ನಿಂತಿತು. "ಕಣ್ತಪ್ಪಿ ಬಿಟ್ಟದ್ದಾ, ಬೇಕೂಂತ ಬಿಟ್ಟದ್ದಾ?"

"ಬೇಕೆಂದೇ."

ಅವಳು ಇನ್ನೂ ಎರಡು ಮೀನು ಶುಚಿ ಮಾಡಿದಳು. ನಲ್ಲಿಯ ನೀರು ಹರಿಯುತ್ತಿತ್ತು. ಆಮೇಲೆ ತೋಳಿನಿಂದ ಮೂಗು ಒರೆಸಿಕೊಂಡಳು. "ನೀವು ಒಂದು ಸಾಲು ಬಿಟ್ರಿ ಅಕ್ಕ. ನಂಗೆ ಇಂಗ್ಲಿಷ್ ಓದ್ಲಿಕ್ಕೆ ಬರ್ತಿದ್ರೆ ಇಡೀ ಕಾಗದವನ್ನು ಮೀನಿನ ಕಸದೊಟ್ಟಿಗೆ ಬಿಸಾಡ್ತಿದ್ದೆ. ನಂಗೆ ಮಾತ್ರ ಅಲ್ಲಿ ಯಾರಿದ್ದಾರೆ?" ಮತ್ತೆ ಒಳಕೋಣೆಯ ಕಡೆ ತಿರುಗಿ ದೊಡ್ಡ ದನಿಯಲ್ಲಿ, "ಗ್ಯಾರೇಜಂತೆ! ಹುಡುಗಿ ಹೋಗಿ ಗಾಡಿಯ ಅಡಿಯಲ್ಲಿ ಮಲಗ್ತಾಳಂತೆ! ಎಲ್ಲ ಅಪ್ಪನ ಬುದ್ಧಿ!" ಎಂದಳು. ಒಳಗಿನಿಂದ ಏನೋ ಲೋಹದ್ದು ನೆಲಕ್ಕೆ ಬಿದ್ದು ಉರುಳುವ ಸದ್ದು ಕೇಳಿಸಿತು.

ಅವರು ಜುಲೈಯಲ್ಲಿ ಹೊರಟರು. ಹೊರಡುವ ವಿವರ ಬರೆಯುವುದಿಲ್ಲ. ಕಾರು ತಿರುವಿನಲ್ಲಿ ಕಾಣದಾದ ಮೇಲೆ ನಾನು ಮೇಲೆ ಬಂದು ಅಕ್ಕಿ ಚೀಲವನ್ನು ಬಾಗಿಲಿನಿಂದ ತೆಗೆದು ಒಳಗಿಟ್ಟೆ. ಬಾಗಿಲು ಹಾಕಿಕೊಂಡಾಗ ನಮ್ಮ ಮನೆಯಲ್ಲಿ ಫ್ರಿಜ್ಜು ಇಷ್ಟು ಸದ್ದು ಮಾಡುತ್ತದೆ ಎಂದು ಮೊದಲ ಸಲ ತಿಳಿಯಿತು. ಮೇಜಿನ ಮೇಲಿನ ಕಾಗದವನ್ನು ಬಿಸಾಡಲು ಮನಸ್ಸಾಗಲಿಲ್ಲ. ಚಮಚದ ಡ್ರಾಯರಿಗೆ ಹಾಸಿದೆ, ಹುಲ್ಲಿನ ಚಿತ್ರದ ಹಾಳೆ ಮೇಲೆ, ವಿಷಯಗಳ ಹಾಳೆ, ಕಣ್ಣು ಹಾಯಿಸದೆಯೇ, ಅಡಿಗೆ. ಯಾಕೆ ಅಡಿಗೆ ಎಂದು ನಿಮಗೆ ಗೊತ್ತು.

ಎದುರು ಮನೆಗೆ ಹೊಸಬರು ಬಂದಿದ್ದಾರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಲಿಫ್ಟಿನಲ್ಲಿ ಸಿಕ್ಕಿದರೆ ಚಂದವಾಗಿ ನಗುತ್ತಾರೆ. ಅವರ ಬಾಗಿಲು ಮುಚ್ಚಿರುತ್ತದೆ, ಅದು ಬಾಗಿಲಿನ ತಪ್ಪಲ್ಲ. ನಾನು ಕಿಟಕಿಯ ಬಳಿ ನಿಂತು, ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯ ಚಿಮಣಿಗಳನ್ನು ಎಣಿಸುತ್ತೇನೆ. ನಿನ್ನೆ ಇದ್ದಷ್ಟೇ ಇವೆ. ಅಲ್ಲಿ ಬೆಳಗ್ಗೆ ಏಳೂವರೆ ಎಂದರೆ ಇಲ್ಲಿ ಮಧ್ಯಾಹ್ನ ಮೂರೂವರೆ. ಅಕ್ಕಿ ಚೀಲ ದಾಟಿ ಅವಳು ನನ್ನ ಮನೆಗೆ ಬರುತ್ತಿದ್ದ ಹೊತ್ತಿಗೇ ಅಲ್ಲಿ ಅವಳ ಶಾಲೆಯ ಮೊದಲ ಗಂಟೆ. ಆ ಹೊತ್ತಿಗೆ ನಾನು ಚಹಾಕ್ಕೆ ನೀರಿಡುತ್ತೇನೆ. ನವೆಂಬರಿನಲ್ಲಿ ಅಲ್ಲಿಯವರು ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸಿದರಂತೆ, ನನಗೆ ಯಾರೂ ಹೇಳಲಿಲ್ಲ. ಒಂದು ವಾರ ಪೂರ್ತಿ ನಾನು ಶಿಫಾಳನ್ನು ಒಂದು ಗಂಟೆ ಮೊದಲೇ ಶಾಲೆಗೆ ಕಳಿಸಿದೆ.

ಜೋಹರಾ ವಾಟ್ಸಾಪಿನಲ್ಲಿ ದನಿ ಕಳಿಸುತ್ತಾಳೆ. "ಅಕ್ಕ, ಇಲ್ಲಿ ಬೂತಾಯಿ ಡಬ್ಬದಲ್ಲಿ ಬರ್ತದೆ, ತಲೆಯೇ ಇಲ್ಲ, ಯಾರನ್ನು ನೋಡಿ ಬೈಯುದು?" ಶಿಫಾ ಒಮ್ಮೆ ಒಂದು ಫೋಟೋ ಕಳಿಸಿದಳು. ನೀಲಿ ಮೇಲಂಗಿ, ಕೆನ್ನೆಯಲ್ಲಿ ಕರಿ ಎಣ್ಣೆ, ಹಿಂದೆ ಎತ್ತಿ ನಿಲ್ಲಿಸಿದ ಕಾರು. ಚಿತ್ರದಲ್ಲಿ ಅವಳ ಸುತ್ತ ಆರೇಳು ಮಕ್ಕಳು. ಆ ಶಾಲೆಯಲ್ಲಿ ಮಕ್ಕಳಿದ್ದಾರೆ ಎಂದು ನನಗೆ ಕೊನೆಗೂ ಖಾತ್ರಿಯಾಯಿತು.

ಹೋದ ವಾರ ತುಪ್ಪದ ಚಮಚ ಸರಿಯಾಗಿ ತೊಳೆಯದೆ ಇಟ್ಟಿದ್ದೆ. ಹುಲ್ಲಿನ ಮೇಲೆ ಜಿಡ್ಡು ಹರಡಿತ್ತು. ಮೇಲಿನ ಹಾಳೆ ತೆಗೆದೆ, ಅಡಿಯದಕ್ಕೂ ಇಳಿದಿದೆಯೇ ಎಂದು ಬೆಳಕಿಗೆ ಹಿಡಿದೆ. ಇಳಿದಿರಲಿಲ್ಲ. ವಿಷಯಗಳ ಪಟ್ಟಿಯಲ್ಲಿ, ಆ ಒಂದು ಸಾಲಿನ ಪಕ್ಕದ ಖಾಲಿ ಜಾಗದಲ್ಲಿ, ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿತ್ತು: ನೋಡಿದ್ದೇನೆ. ಅವಳದೇ ಅಕ್ಷರ. ದಕಾರದ ಕಾಲ ಬುಡದಲ್ಲಿ ಮರಿಯನ್ನು ಜೋಪಾನವಾಗಿ ಮಲಗಿಸಿದ್ದಳು.

ಯಾವಾಗ ಬರೆದಳು? ನಾನು ಒಳಗೆ ರುಬ್ಬುತ್ತಾ ನಿಂತಿದ್ದ ಆ ಮರುದಿನವೇ? ಹಾಗಾದರೆ ಅದು ನನ್ನ ಸುಳ್ಳಿಗೆ ಬಿದ್ದ ಸಹಿ. ಅಥವಾ ನಾನು ಹೋಗಿ ಹೇಳಿ ಬಂದ ಮೇಲೆ, ಕಾಗದ ಇನ್ನೂ ಮೇಜಿನ ಮೇಲಿದ್ದ ದಿನಗಳಲ್ಲೇ? ಹಾಗಾದರೆ ನಾನು ತಿದ್ದಿಕೊಂಡದ್ದನ್ನು ನೋಡಿದ್ದಾಳೆ. ಕೇಳಿದರೆ ಹೇಳುವಳು. ಮೊಬೈಲು ತೆಗೆದು ಅರ್ಧ ಟೈಪ್ ಮಾಡಿದೆ, ಅಳಿಸಿದೆ. ಸಿಸ್ಟರ್ ಬೆನಿಟಾರನ್ನೂ ನಾನು ಯಾವತ್ತೂ ಕೇಳಲಿಲ್ಲವಲ್ಲ.

ಜಿಡ್ಡಾದ ಹುಲ್ಲಿನ ಹಾಳೆ ಕಸಕ್ಕೆ ಹೋಯಿತು. ಎರಡನೆಯ ಹಾಳೆಯೊಂದನ್ನೇ ಹಾಸಿದೆ, ಬರಹ ಮೇಲಕ್ಕಿರುವಂತೆ. ಚಮಚಗಳನ್ನೆಲ್ಲ ಎಡಕ್ಕೆ ಸರಿಸಿಟ್ಟಿದ್ದೇನೆ. ಬಲಗಡೆ, ಆ ಸಾಲಿನ ಮೇಲೆ, ಏನನ್ನೂ ಇಡುವುದಿಲ್ಲ. ಇವರು ನಿನ್ನೆ ಸಕ್ಕರೆ ಕಲಸಲು ಡ್ರಾಯರು ಎಳೆದು, "ಇಲ್ಲಿ ಇಷ್ಟು ಜಾಗ ಖಾಲಿ ಯಾಕೆ?" ಎಂದರು. ಆಮೇಲೆ ಬಗ್ಗಿ ಓದಿದರು, ತಮ್ಮ ಚಮಚವನ್ನು ಎಡಗಡೆಗೇ ಇಟ್ಟರು.